ವಾರ್ಡನ್ ಸಹಿ ಹಾಕಿದರೆ ಅದು ಸಮ್ಮತಿಯೇ?

ವೈದ್ಯಕೀಯ ಸಂಶೋಧನೆಯಲ್ಲಿ ಸಮ್ಮತಿ ಅಂದರೆ ಬರೀ ಸಹಿ ಅಲ್ಲ. ಏನನ್ನು ಪರೀಕ್ಷೆ ಮಾಡ್ತಿದ್ದಾರೆ, ಅದರಿಂದ ನನಗೇನಾಗಬಹುದು ಅನ್ನೋದು ಅರ್ಥವಾದ ಮೇಲೆ ಒಬ್ಬರು ತಾವಾಗಿಯೇ ಒಪ್ಪುವುದು. ಬೇಡ ಅನ್ನುವ, ಅರ್ಧದಲ್ಲೇ ಬಿಟ್ಟು ಹೋಗುವ ಹಕ್ಕೂ ಅದರಲ್ಲಿದೆ. ಮಕ್ಕಳಾದರೆ ತಂದೆ-ತಾಯಿ ಇಲ್ಲವೇ ಕಾನೂನುಬದ್ಧ ಪೋಷಕರು ಒಪ್ಪಬೇಕು.

ಖಮ್ಮಂನಲ್ಲಿ ಏನಾಯ್ತು ನೋಡಿ. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸುಮಾರು 24 ಸಾವಿರ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಲಾಯಿತು. ನಡೆಸಿದ್ದು ಅಮೆರಿಕದ 'ಪಾತ್' ಸಂಸ್ಥೆ, ಹಣ ಗೇಟ್ಸ್ ಫೌಂಡೇಶನ್‌ದು, ಲಸಿಕೆ ಪುಕ್ಕಟೆ ಕೊಟ್ಟವರು ತಯಾರಕ ಕಂಪನಿಗಳು. ಐಸಿಎಂಆರ್ ಮತ್ತು ರಾಜ್ಯ ಸರ್ಕಾರಗಳೂ ಜೊತೆಗಿದ್ದವು. ಏಳು ಹುಡುಗಿಯರ ಸಾವಿನ ಸುದ್ದಿ ಬಂದ ಮೇಲೆ, 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆ ನಿಲ್ಲಿಸಿತು.

ಸಾವಿಗೂ ಲಸಿಕೆಗೂ ಸಂಬಂಧವಿರುವ ಸಾಧ್ಯತೆ ಕಡಿಮೆ ಎಂದು ಸರ್ಕಾರದ ತನಿಖಾ ಸಮಿತಿ ಹೇಳಿತು. ಗರ್ಭಕಂಠದ ಕ್ಯಾನ್ಸರ್ ತಡೆಯಲು ಈ ಲಸಿಕೆ ನಿಜಕ್ಕೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ತಕರಾರು ಇರೋದು ಸಮ್ಮತಿ ಪತ್ರಗಳ ಬಗ್ಗೆ. 2013ರ ಸಂಸದೀಯ ಸಮಿತಿ ವರದಿಯ ಪ್ರಕಾರ, ಆಂಧ್ರದಲ್ಲಿ ಪರಿಶೀಲಿಸಿದ 9,543 ಪತ್ರಗಳ ಪೈಕಿ 2,763ಕ್ಕೆ ಸಹಿ ಹಾಕಿದ್ದು ಹಾಸ್ಟೆಲ್ ವಾರ್ಡನ್‌ಗಳು! 1,948ರಲ್ಲಿ ಇದ್ದದ್ದು ಹೆಬ್ಬೆಟ್ಟು. (ಹೆಬ್ಬೆಟ್ಟು ಒತ್ತುವುದು ತಪ್ಪಲ್ಲ, ಒತ್ತುವ ಮುಂಚೆ ಯಾರು ಓದಿ ಹೇಳಿದ್ರು ಅನ್ನೋದು ಪ್ರಶ್ನೆ.) ಇದು ಕ್ಲಿನಿಕಲ್ ಟ್ರಯಲ್ ಅಲ್ಲವೇ ಅಲ್ಲ ಎಂದ ಪಾತ್, ವರದಿಯನ್ನು ಒಪ್ಪಲಿಲ್ಲ. ಹೆಸರು ಬದಲಿಸಿ ನಿಯಮಗಳಿಂದ ನುಣುಚಿಕೊಂಡಿದ್ದಾರೆ ಅನ್ನೋದು ಸಮಿತಿಯ ಆರೋಪವಾಗಿತ್ತು.

ಪಕ್ಷಪಾತ ಅಂದ್ರೆ ಅಂಕಿ-ಅಂಶ ತಿರುಚುವುದು ಅಂತಲೇ ನಾವು ಅಂದುಕೊಳ್ತೀವಿ. ಅದಕ್ಕೂ ಮೊದಲೇ, ಯಾರನ್ನು ಆರಿಸಿಕೊಳ್ತಾರೆ ಅನ್ನೋದರಲ್ಲೇ ಅದು ಶುರುವಾಗಿರುತ್ತೆ. ಖಮ್ಮಂನ ಹಾಸ್ಟೆಲ್‌ಗಳಲ್ಲಿದ್ದವರಲ್ಲಿ ಹಲವರು ಆದಿವಾಸಿ ಹುಡುಗಿಯರು. ಒಂದೇ ಕಡೆ ಸಿಗ್ತಾರೆ, ಎದುರು ಪ್ರಶ್ನೆ ಕೇಳೋಕೆ ಅಪ್ಪ-ಅಮ್ಮ ಅಲ್ಲಿರಲ್ಲ. ದುಬಾರಿ ಖಾಸಗಿ ಶಾಲೆಯಲ್ಲಿ ಪ್ರಾಂಶುಪಾಲರ ಸಹಿ ಸಾಕು ಅಂತ ಯಾರಾದರೂ ಸೂಜಿ ಹಿಡಿದು ಹೋಗ್ತಿದ್ರಾ?

ಸುಪ್ರೀಂ ಕೋರ್ಟ್‌ನಲ್ಲಿ ಮೊಕದ್ದಮೆಗಳು ನಡೆದ ಮೇಲೆ ನಿಯಮ ಬಿಗಿಯಾಯಿತು. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟಾದರೂ ಹೊರಗಿನವರಾಗಿರಬೇಕು, ಒಬ್ಬ ಜನಸಾಮಾನ್ಯ ಸದಸ್ಯ ಇರಲೇಬೇಕು. ಸಮ್ಮತಿಯ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ಆದರೆ ಎಲ್ಲ ಪರೀಕ್ಷೆಗಳಿಗಲ್ಲ, ಹೊಸ ರಾಸಾಯನಿಕ ಔಷಧಿಯನ್ನು ದುರ್ಬಲ ಸ್ಥಿತಿಯಲ್ಲಿರುವವರ ಮೇಲೆ ಪರೀಕ್ಷಿಸುವಾಗ ಮಾತ್ರ.

ಜನರ ಪಾಲ್ಗೊಳ್ಳುವಿಕೆ ಅಂದರೆ ಸದ್ಯಕ್ಕೆ ಆ ಒಂದು ಕುರ್ಚಿ. ಅದರಲ್ಲಿ ಯಾರು ಕೂರಬೇಕು ಅಂತ ತೀರ್ಮಾನಿಸೋದೂ ಸಮಿತಿ ರಚಿಸುವ ಸಂಸ್ಥೆಯೇ. ವೈದ್ಯರ, ವಕೀಲರ ಇಂಗ್ಲಿಷ್ ನಡುವೆ ಆ ಒಬ್ಬರ ದನಿ ಎಷ್ಟು ಕೇಳಿಸೀತು?

ನಿಮ್ಮವರನ್ನು ಯಾರಾದರೂ ಪರೀಕ್ಷೆಗೆ ಸೇರಿಸಿಕೊಳ್ತಿದ್ದರೆ ಅದು ಸಿಟಿಆರ್‌ಐ ಜಾಲತಾಣದಲ್ಲಿ ನೋಂದಣಿಯಾಗಿದೆಯಾ ನೋಡಿ. ಕ್ಲಿನಿಕಲ್ ಟ್ರಯಲ್‌ಗಳಿಗೆ ಇದು 2009ರ ಜೂನ್‌ನಿಂದ ಕಡ್ಡಾಯ, ಯಾರು ಬೇಕಾದರೂ ಹುಡುಕಬಹುದು. ಮಾಹಿತಿ ಪತ್ರ ಮತ್ತು ಸಹಿಯಾದ ಸಮ್ಮತಿ ಪತ್ರದ ಪ್ರತಿ ಕೇಳಿ ಪಡೆಯಿರಿ. ಅದು ನಿಮ್ಮ ಹಕ್ಕು, ಆಸ್ಪತ್ರೆಯವರ ಔದಾರ್ಯ ಅಲ್ಲ.