ಆಂದ್ರೆಸ್ ಬೊನಿಫಾಸಿಯೊ: ಬಂಡಾಯ, ವಿಚಾರಣೆ, ಮರಣದಂಡನೆ

ಫಿಲಿಪ್ಪೀನ್ಸಿನಲ್ಲಿ ಸ್ಪೇನಿನ ಆಳ್ವಿಕೆಯ ವಿರುದ್ಧ 1896ರಲ್ಲಿ ಸಶಸ್ತ್ರ ಬಂಡಾಯ ಹೂಡಿದ ಆಂದ್ರೆಸ್ ಬೊನಿಫಾಸಿಯೊ, ಮರುವರ್ಷವೇ ಕ್ರಾಂತಿಕಾರಿಗಳದೇ ಸೇನಾ ನ್ಯಾಯಾಲಯ ವಿಧಿಸಿದ ಮರಣದಂಡನೆಗೆ ಬಲಿಯಾದ. 1863ರ ನವೆಂಬರ್ 30ರಂದು ಮನಿಲಾದ ತೊಂಡೊದಲ್ಲಿ ಹುಟ್ಟಿದ ಆತ ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡ. ಊರುಗೋಲು, ಕಾಗದದ ಬೀಸಣಿಗೆ ಮಾರಿ ತಮ್ಮತಂಗಿಯರನ್ನು ಸಾಕಿದ. ಮುಂದೆ ವಿದೇಶಿ ವ್ಯಾಪಾರ ಸಂಸ್ಥೆಗಳಲ್ಲಿ ಕೆಲಸಕ್ಕೆ ಸೇರಿದ. ಶಾಲೆ ಅರ್ಧಕ್ಕೆ ನಿಂತರೂ ಓದು ನಿಲ್ಲಲಿಲ್ಲ. ಹೋಸೆ ರಿಸಾಲನ ಕಾದಂಬರಿಗಳು, ವಿಕ್ಟರ್ ಹ್ಯೂಗೊ, ಫ್ರೆಂಚ್ ಕ್ರಾಂತಿಯ ಇತಿಹಾಸ ಆತನ ಓದಿನಲ್ಲಿದ್ದವು.

ಸುಧಾರಣೆಯನ್ನು ಬಯಸಿದ ರಿಸಾಲ್ 1892ರ ಜುಲೈಯಲ್ಲಿ ಬಂಧನಕ್ಕೊಳಗಾದಾಗ, ಬೊನಿಫಾಸಿಯೊ ಮತ್ತು ಸಂಗಡಿಗರು ‘ಕಟಿಪುನನ್’ ಎಂಬ ಗುಪ್ತ ಸಂಘ ಕಟ್ಟಿದರು. ಪೂರ್ಣ ಸ್ವಾತಂತ್ರ್ಯವೇ ಅದರ ಗುರಿ. 1895ರಲ್ಲಿ ಬೊನಿಫಾಸಿಯೊ ಅದರ ಮುಖ್ಯಸ್ಥನಾದ. ಸಂಘದ ಬರಹದ ಹೊಣೆ ಬಹುಪಾಲು ಎಮಿಲಿಯೊ ಹಸಿಂತೊನದಾಗಿತ್ತು. ಬೊನಿಫಾಸಿಯೊನ ಪತ್ನಿ ಗ್ರೆಗೋರಿಯ ದೆ ಹೆಸೂಸ್ ಗುಪ್ತ ದಾಖಲೆಗಳನ್ನು ಕಾಪಾಡುತ್ತಿದ್ದಳು.

1896ರ ಆಗಸ್ಟ್ 19ರಂದು ಸದಸ್ಯನೊಬ್ಬನಿಂದ ಸುಳಿವು ಸಿಕ್ಕ ಪಾದ್ರಿ ಮರಿಯಾನೊ ಹಿಲ್ ಗುಟ್ಟನ್ನು ಹೊರಗೆಡವಿದ. ಸಿದ್ಧತೆ ಮುಗಿಯುವ ಮುನ್ನವೇ ಬಂಡಾಯ ಏಳಬೇಕಾಯಿತು. ಮನಿಲಾದ ಹೊರವಲಯದಲ್ಲಿ ಸೇರಿದ ಕಟಿಪುನನ್ನರು ತಲೆಗಂದಾಯದ ಚೀಟಿಗಳನ್ನು ಹರಿದುಹಾಕಿದರು. ಈ ಘಟನೆಯ ಸ್ಥಳ, ದಿನಾಂಕಗಳ ಬಗ್ಗೆ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ. ಆಗಸ್ಟ್ 30ರ ಸಾನ್ ಹುವಾನ್ ಕಾಳಗದಲ್ಲಿ ಬೊನಿಫಾಸಿಯೊನ ಪಡೆ ಸೋತಿತು. ಅದೇ ಹೊತ್ತಿನಲ್ಲಿ ಕವೀತೆ ಪ್ರಾಂತ್ಯದಲ್ಲಿ ಎಮಿಲಿಯೊ ಅಗಿನಾಲ್ಡೊ ಗೆಲುವುಗಳನ್ನು ಕಂಡ. ಮುಂದಿನ ಒಡಕಿಗೆ ಬೀಜ ಬಿದ್ದದ್ದು ಇಲ್ಲಿ: ಸಂಘದ ಅಧಿಕಾರ ಮನಿಲಾದ ಬೊನಿಫಾಸಿಯೊನ ಕೈಯಲ್ಲಿ, ಗೆದ್ದ ನೆಲ ಕವೀತೆಯ ಸಿರಿವಂತ ಮನೆತನಗಳ ಕೈಯಲ್ಲಿ.

ಕವೀತೆಯ ಎರಡು ಬಣಗಳ ಜಗಳ ಬಿಡಿಸಲು ಹೋದ ಬೊನಿಫಾಸಿಯೊ ತಾನೇ ಅದರಲ್ಲಿ ಸಿಕ್ಕಿಕೊಂಡ. 1897ರ ಮಾರ್ಚ್ 22ರ ತೆಹೆರೋಸ್ ಸಭೆ ಹೊಸ ಸರ್ಕಾರವೊಂದನ್ನು ಆರಿಸಿತು. ಸಭೆಗೆ ಬಾರದ ಅಗಿನಾಲ್ಡೊ ಅಧ್ಯಕ್ಷನಾದ; ಸಭೆ ನಡೆಸುತ್ತಿದ್ದ ಬೊನಿಫಾಸಿಯೊನಿಗೆ ಆಂತರಿಕ ಖಾತೆ ಸಿಕ್ಕಿತು. ವಕೀಲಿ ಪದವಿ ಇಲ್ಲದವನಿಗೆ ಆ ಹುದ್ದೆ ತಕ್ಕುದಲ್ಲವೆಂದು ದಾನಿಯೆಲ್ ತಿರೋನ ಎದ್ದು ನಿಂತ. ಯಾರೇ ಆರಿಸಿ ಬಂದರೂ ಗೌರವಿಸಬೇಕೆಂದು ಸಭೆ ಮೊದಲೇ ಒಪ್ಪಿತ್ತು. ಬೊನಿಫಾಸಿಯೊ ಪಿಸ್ತೂಲು ಹಿರಿದ. ಆರ್ತೆಮಿಯೊ ರಿಕಾರ್ತೆ ಕೈ ಹಿಡಿದು ತಡೆದ. ಸಭೆಯ ನಿರ್ಣಯಗಳೆಲ್ಲ ಅಸಿಂಧುವೆಂದು ಸಾರಿ ಬೊನಿಫಾಸಿಯೊ ಹೊರನಡೆದ. ಬಳಿಕ ನಾಯಿಕ್‌ನಲ್ಲಿ ಪ್ರತ್ಯೇಕ ಸೇನೆಯ ಒಪ್ಪಂದಕ್ಕೂ ಸಹಿ ಹಾಕಿದ. ಯುದ್ಧಕಾಲದಲ್ಲಿ ಅಗಿನಾಲ್ಡೊನ ಸರ್ಕಾರ ಇದನ್ನು ಸಹಿಸುವಂತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಏಪ್ರಿಲ್ ಕೊನೆಯಲ್ಲಿ ಲಿಂಬೊನ್‌ನಲ್ಲಿದ್ದ ಬೊನಿಫಾಸಿಯೊನ ಬೀಡಿನ ಮೇಲೆ ಅಗಿನಾಲ್ಡೊನ ಸೈನಿಕರು ಎರಗಿದರು. ಬೊನಿಫಾಸಿಯೊನ ತಮ್ಮ ಸಿರಿಯಾಕೊ ಸತ್ತ. ತೋಳಿಗೆ ಗುಂಡು, ಕುತ್ತಿಗೆಗೆ ಇರಿತ ತಗುಲಿದ್ದ ಬೊನಿಫಾಸಿಯೊನನ್ನು ಮತ್ತೊಬ್ಬ ತಮ್ಮ ಪ್ರೊಕೋಪಿಯೊನೊಂದಿಗೆ ಸೆರೆಹಿಡಿದರು. ರಾಜದ್ರೋಹ ಮತ್ತು ಅಗಿನಾಲ್ಡೊನ ಕೊಲೆಯ ಸಂಚು ಎಂಬ ಆರೋಪಗಳ ವಿಚಾರಣೆ ಮರಿಯಾನೊ ನೊರಿಯೆಲ್‌ನ ಅಧ್ಯಕ್ಷತೆಯಲ್ಲಿ ನಡೆಯಿತು. ಆರೋಪಿಯ ಪರ ನಿಂತ ವಕೀಲನೇ ಅಪರಾಧವನ್ನು ಒಪ್ಪಿಕೊಂಡಂತೆ ಮಾತಾಡಿದ. ಸಂಚಿನ ಮುಖ್ಯ ಸಾಕ್ಷಿಯನ್ನು ಎದುರಿಸಲು ಬೊನಿಫಾಸಿಯೊ ಅವಕಾಶ ಕೇಳಿದಾಗ, ಆ ಸಾಕ್ಷಿ ಕಾಳಗದಲ್ಲಿ ಸತ್ತನೆಂಬ ಉತ್ತರ ಬಂತು. ಇಂಥ ವಿಚಾರಣೆಯಿಂದ ಕೊಲೆಯ ಸಂಚು ಸಾಬೀತಾಯಿತೆನ್ನಲಾಗದು. ಪ್ರತಿಸ್ಪರ್ಧಿಯೊಬ್ಬನನ್ನು ತೆಗೆದುಹಾಕಲು ಕಾನೂನಿನ ರೂಪ ಬೇಕಾಗಿತ್ತು, ಅದು ದೊರೆಯಿತು.

ನ್ಯಾಯಾಲಯ ವಿಧಿಸಿದ ಮರಣದಂಡನೆಯನ್ನು ಅಗಿನಾಲ್ಡೊ ಮೊದಲು ಗಡಿಪಾರಿಗೆ ಇಳಿಸಿದ. ನೊರಿಯೆಲ್ ಮತ್ತು ಪಿಯೊ ದೆಲ್ ಪಿಲಾರ್ ಒತ್ತಾಯಿಸಿದ ಮೇಲೆ ಆ ಆದೇಶ ಹಿಂತೆಗೆದ. ಮೇ 10ರಂದು ಲಾಸರೊ ಮಕಪಗಲ್ ಸೋದರರಿಬ್ಬರನ್ನೂ ಮರಗೊಂಡೊನ್‌ನ ಬೆಟ್ಟಕ್ಕೆ ಕರೆದೊಯ್ದು, ಮುದ್ರೆ ಹಾಕಿದ ಲಕೋಟೆ ಅಲ್ಲಿ ಒಡೆದು ಮರಣದಂಡನೆ ಜಾರಿಮಾಡಿದ. ಆಗ ಬೊನಿಫಾಸಿಯೊನ ವಯಸ್ಸು 33. ಏಳು ತಿಂಗಳಲ್ಲಿ ಅಗಿನಾಲ್ಡೊ ಸ್ಪೇನಿನೊಂದಿಗೆ ಬಿಯಾಕ್-ನ-ಬಾತೊ ಒಪ್ಪಂದ ಮಾಡಿಕೊಂಡು ಹಾಂಗ್‌ಕಾಂಗಿಗೆ ತೆರಳಿದ.

ಗಡಿಪಾರಿನ ಆದೇಶವನ್ನು ಹಿಂತೆಗೆದುಕೊಂಡದ್ದನ್ನು ಅಗಿನಾಲ್ಡೊ 1948ರಲ್ಲಿ ಬರೆದ ಪತ್ರದಲ್ಲಿ ಒಪ್ಪಿಕೊಂಡ. ಬೊನಿಫಾಸಿಯೊನದೆಂದು 1918ರಲ್ಲಿ ಅಗೆದು ತೆಗೆದ ಮೂಳೆಗಳು, ಅವು ಆತನವೇ ಎಂಬ ಶಂಕೆ ಬಗೆಹರಿಯುವ ಮೊದಲೇ, 1945ರ ಮನಿಲಾ ಯುದ್ಧದಲ್ಲಿ ಕಳೆದುಹೋದವು. ರಿಸಾಲನ ಸ್ಮರಣೆಗೆ ಫಿಲಿಪ್ಪೀನ್ಸ್ ಆತ ಗುಂಡಿಗೆ ಬಲಿಯಾದ ಡಿಸೆಂಬರ್ 30ನ್ನು ಆಚರಿಸುತ್ತದೆ. ಬೊನಿಫಾಸಿಯೊನ ಹೆಸರಿನ ರಾಷ್ಟ್ರೀಯ ರಜೆ ಆತ ಹುಟ್ಟಿದ ನವೆಂಬರ್ 30ರಂದು ಬರುತ್ತದೆ.