ಹೂವಯ್ಯ ಎಲ್ಲಿಗೆ ಹೋದ?

‘ಆದರ್ಶ’ ಎಂಬ ಮಾತಿಗೆ ಸಂಸ್ಕೃತದಲ್ಲಿ ಹಳೆಯ ಅರ್ಥ ಕನ್ನಡಿ. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ವಸ್ತು. ಮೇಲ್ಪಂಕ್ತಿ, ಅನುಸರಿಸಬೇಕಾದ ಮಾದರಿ ಎಂಬುದು ಕನ್ನಡಿಯಿಂದ ಬೆಳೆದುಬಂದ ಅರ್ಥ. ಈಗ ನಮಗೆ ಉಳಿದಿರುವುದು ಎರಡನೆಯದೇ, ಅದೂ ಸವೆದು ಹೋಗಿದೆ: ಆದರ್ಶ ರೈತ, ಆದರ್ಶ ದಂಪತಿ, ಬಸ್‌ಸ್ಟ್ಯಾಂಡಿನ ಎದುರಿನ ಆದರ್ಶ ಹೋಟೆಲು. ಇದು ಸಾಲದೆಂದು ‘ಐಡಿಯಲಿಸಂ’ಗೆ ಕನ್ನಡ ಪದ ಹುಡುಕಿದವರು, ಜಗತ್ತು ಮನಸ್ಸಿನಲ್ಲಿದೆ ಎನ್ನುವ ಸಿದ್ಧಾಂತಕ್ಕೂ ಲಂಚ ಮುಟ್ಟದ ಗುಮಾಸ್ತನ ಹಟಕ್ಕೂ ಒಂದೇ ‘ಆದರ್ಶವಾದ’ವನ್ನು ಅಂಟಿಸಿಬಿಟ್ಟರು. ಮಾರ್ಕ್ಸ್‌ವಾದಿಗಳು ಮೊದಲನೆಯದನ್ನು ‘ಭಾವನಾವಾದ’ ಎಂದು ಬೇರೆ ಮಾಡಿಕೊಂಡರು, ಬೈಯಲು ಅನುಕೂಲವಾಗಲಿ ಎಂದೋ ಏನೋ.

ಪಶ್ಚಿಮದಲ್ಲಿ ಈ ದಾರಿ ಪ್ಲೇಟೋನಿಂದ ಹೊರಟು, ವಸ್ತುವಿನ ಇರವೆಂದರೆ ಅದು ಯಾರಿಗಾದರೂ ಕಾಣುವುದೇ ಎಂದ ಬರ್ಕ್ಲಿ (1710), ಕ್ಯಾಂಟ್ (1781), ಹೆಗೆಲ್ (1807) ಇವರನ್ನು ಹಾದು ಬಂತು. ನಮ್ಮಲ್ಲಿ ವಸುಬಂಧುವಿನ ಯೋಗಾಚಾರ ಬೌದ್ಧರು ಹೊರಗಿನ ವಸ್ತುವೆಲ್ಲ ವಿಜ್ಞಾನವೇ, ಎಂದರೆ ಅರಿವೇ, ಎಂದು ವಾದಿಸಿದ್ದರು. ಶಂಕರರನ್ನೂ ಐಡಿಯಲಿಸ್ಟರ ಪಟ್ಟಿಗೆ ಸೇರಿಸುವ ರೂಢಿಯಿದೆ. ಆದರೆ ಬ್ರಹ್ಮಸೂತ್ರಭಾಷ್ಯದಲ್ಲಿ ಅವರು ಈ ವಿಜ್ಞಾನವಾದವನ್ನು ಹಿಡಿದು ಜಾಡಿಸುವ ರೀತಿ ನೋಡಬೇಕು. ಊಟ ಮಾಡಿ ಹೊಟ್ಟೆ ತುಂಬಿಸಿಕೊಳ್ಳುತ್ತಲೇ ‘ನಾನು ಉಣ್ಣುತ್ತಿಲ್ಲ, ನನಗೆ ತೃಪ್ತಿಯೂ ಆಗುತ್ತಿಲ್ಲ’ ಎನ್ನುವವನ ಮಾತನ್ನು ಯಾರು ನಂಬುತ್ತಾರೆ ಎಂದು ಕೇಳುತ್ತಾರೆ. ವಸ್ತು ‘ಹೊರಗಿರುವಂತೆ’ ತೋರುತ್ತದೆ ಎನ್ನಲು ಹೊರಗು ಎಂಬುದೊಂದು ಇರಬೇಕಲ್ಲ. ವಿಷ್ಣುಮಿತ್ರ ಬಂಜೆಯ ಮಗನ ಹಾಗೆ ಕಾಣುತ್ತಾನೆ ಎಂದು ಯಾರೂ ಹೇಳುವುದಿಲ್ಲವಲ್ಲ. ಉಡುಪಿಯ ಮಧ್ವರಂತೂ ಜಗತ್ತು ಸತ್ಯ, ಭೇದವೂ ಸತ್ಯ ಎಂದು ಖಂಡತುಂಡವಾಗಿ ಸಾರಿದರು. ಕನ್ನಡನಾಡಿನ ಮಣ್ಣು ಆದರ್ಶವಾದಕ್ಕೆ ತಾನಾಗಿ ಒಲಿದದ್ದೇನಲ್ಲ.

ಒಲಿಯಿತು, ಮೈಸೂರಿನಲ್ಲಿ. 1918ರಲ್ಲಿ ರಾಧಾಕೃಷ್ಣನ್ ಮಹಾರಾಜಾ ಕಾಲೇಜಿಗೆ ತತ್ತ್ವಶಾಸ್ತ್ರದ ಅಧ್ಯಾಪಕರಾಗಿ ಬಂದಾಗ ಅವರಿಗೆ ಮೂವತ್ತು ವರ್ಷ. 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರು ಕೂತ ಸಾರೋಟನ್ನು ತಾವೇ ಎಳೆದುಕೊಂಡು ರೈಲುನಿಲ್ದಾಣ ಮುಟ್ಟಿಸಿದ ಕತೆ ಮೈಸೂರಿನವರಿಗೆ ಇನ್ನೂ ಬಾಯಿಪಾಠ. ಅಲ್ಲಿದ್ದಾಗಲೇ, 1920ರಲ್ಲಿ, ಬಂದ ಅವರ ಪುಸ್ತಕವೊಂದು ಪಶ್ಚಿಮದ ಸಮಕಾಲೀನ ದಾರ್ಶನಿಕರನ್ನೇ ತರಾಟೆಗೆ ತೆಗೆದುಕೊಂಡಿತ್ತು: ಧರ್ಮದ ಒಲವು ಅಡ್ಡಬಂದು ನೀವು ಬಹುತತ್ತ್ವಕ್ಕೆ ಜಾರಿದಿರಿ, ನೇರ ನಡೆದಿದ್ದರೆ ಅದ್ವೈತದಂಥ ಪೂರ್ಣತತ್ತ್ವಕ್ಕೆ ತಲುಪುತ್ತಿದ್ದಿರಿ ಎಂದು. ಅದೇ ಕಾಲೇಜಿನಲ್ಲಿ ಸಂಸ್ಕೃತ ಹೇಳುತ್ತಿದ್ದ ಎಂ. ಹಿರಿಯಣ್ಣ ದನಿ ಎತ್ತಿ ಮಾತಾಡಿದವರಲ್ಲ. ರಾಧಾಕೃಷ್ಣನ್ ಅವರ ‘ಆ್ಯನ್ ಐಡಿಯಲಿಸ್ಟ್ ವ್ಯೂ ಆಫ್ ಲೈಫ್’ ಬಂದ 1932ರಲ್ಲೇ ಹಿರಿಯಣ್ಣನವರ ‘ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ’ಯೂ ಬಂತು. ಸತ್ಯವನ್ನು ಕಂಡುಕೊಂಡರೆ ಮುಗಿಯಲಿಲ್ಲ, ಅದನ್ನು ಬಾಳಬೇಕು ಎಂಬುದು ಹಿರಿಯಣ್ಣನವರ ಒತ್ತು. ಕಲೆಯ ಅನುಭವವನ್ನು ಅವರು ಮೋಕ್ಷದ ಪಕ್ಕದಲ್ಲಿಟ್ಟು ನೋಡಿದರು. ಅಷ್ಟು ಹೊತ್ತಿನ ಮಟ್ಟಿಗಾದರೂ ಮನುಷ್ಯ ‘ನಾನು’ ಎಂಬುದರಿಂದ ಬಿಡುಗಡೆಯಾಗುತ್ತಾನೆ ಎಂದು. ಕನ್ನಡ ನವೋದಯಕ್ಕೆ ಇಬ್ಬರಲ್ಲಿ ಹೆಚ್ಚು ಹತ್ತಿರದವರು ಹಿರಿಯಣ್ಣ ಎಂದೇ ನನ್ನ ಎಣಿಕೆ.

ಏಕೆಂದರೆ ಕನ್ನಡದಲ್ಲಿ ಆದರ್ಶ ಸಿದ್ಧಾಂತವಾಗಿ ಬೆಳೆಯಲಿಲ್ಲ, ಒಬ್ಬ ಮನುಷ್ಯನಾಗಿ ಬಂತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯ (1936) ಹೂವಯ್ಯ ಆ ಮನುಷ್ಯ. ಮೈಸೂರಿನಲ್ಲಿ ಓದಿ, ತಲೆತುಂಬ ಕವಿತೆ ಮತ್ತು ವೇದಾಂತ ತುಂಬಿಕೊಂಡು ಮಲೆನಾಡಿಗೆ ಮರಳುತ್ತಾನೆ. ಬರುವ ದಾರಿಯಲ್ಲೇ ಎತ್ತಿನಗಾಡಿಯ ಅವಘಡದಲ್ಲಿ ಬೆನ್ನಿಗೆ ಪೆಟ್ಟು. ಆದರ್ಶ ಊರು ಸೇರುವ ಮೊದಲೇ ಹಾಸಿಗೆ ಹಿಡಿಯಿತು ನೋಡಿ! ಅವನು ಪ್ರೀತಿಸಿದ ಸೀತೆ ಅವನಿಗೆ ಸಿಗುವುದಿಲ್ಲ, ಮನೆ ಒಡೆಯುತ್ತದೆ, ಆದರೂ ಲೇಖಕರು ಅವನ ಕೈ ಬಿಡುವುದಿಲ್ಲ. ‘ಶ್ರೀ ರಾಮಾಯಣ ದರ್ಶನಂ’ನಲ್ಲಿ (1949) ಈ ಭರವಸೆ ಎಷ್ಟು ಹಿಗ್ಗುತ್ತದೆಂದರೆ ಮಂಥರೆಗೂ ರಾವಣನಿಗೂ ಉದ್ಧಾರವುಂಟು. ಆಮೇಲೆ 1967ರಲ್ಲಿ ಅದೇ ಕವಿ ‘ಮಲೆಗಳಲ್ಲಿ ಮದುಮಗಳು’ ಬರೆದರು. ಅಲ್ಲಿ ಹೂವಯ್ಯ ಇಲ್ಲ. ಗುತ್ತಿ ಇದ್ದಾನೆ, ಅವನ ನಾಯಿ ಹುಲಿಯ ಇದೆ, ಜಿಗಣೆ, ಮಳೆ, ಓಡಿಹೋಗುವ ಹುಡುಗಿಯರು ಇದ್ದಾರೆ. ಆದರ್ಶವನ್ನು ಹೊತ್ತು ತಿರುಗುವ ನಾಯಕನನ್ನು ಕುವೆಂಪು ಅವರೇ ಸದ್ದಿಲ್ಲದೆ ಕಾಡಿನಲ್ಲಿ ಕರಗಿಸಿಬಿಟ್ಟರು. ಆಮೇಲೆ ಬಂದ ನವ್ಯ ಸಾಹಿತಿಗಳು ಅವನನ್ನು ಕೊಂದರು ಎನ್ನುವುದು ಅರ್ಧ ನಿಜ ಮಾತ್ರ.

ಚಿತ್ರಕಲೆಯಲ್ಲೂ ಇಂಥದೇ ಒಂದು ತಿರುವು. ಹ್ಯಾವೆಲ್, ಅವನೀಂದ್ರನಾಥ ಠಾಕೂರರ ಬಳಗ ರವಿವರ್ಮನ ಎಣ್ಣೆಬಣ್ಣದ ವಾಸ್ತವವನ್ನು ತಳ್ಳಿಹಾಕಿ, ಭಾರತೀಯ ಕಲೆ ಕಣ್ಣಿಗೆ ಕಂಡದ್ದನ್ನಲ್ಲ, ಧ್ಯಾನಕ್ಕೆ ಕಂಡದ್ದನ್ನು ಬರೆಯುತ್ತದೆ ಎಂದಿತು. ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪ ಅವನೀಂದ್ರರ ಶಿಷ್ಯರು. ಮದುವೆಯಾಗಲಿಲ್ಲ, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಕಲೆಯನ್ನು ವ್ರತದಂತೆ ಹಿಡಿದರು. ಆದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವರ ಊಟಿಯ ಜಲವರ್ಣಗಳ ಮುಂದೆ ನಿಂತರೆ ಕಾಣುವುದು ಬೇರೆಯೇ: ಮಂಜು ಯಾವ ಮರದವರೆಗೆ ಇಳಿದಿದೆ, ಬಿಸಿಲು ಗುಡ್ಡದ ಯಾವ ಮಗ್ಗುಲಿಗೆ ಬಿದ್ದಿದೆ ಎಂದು ಲೆಕ್ಕ ತಪ್ಪದ ನೋಟ. ಧ್ಯಾನದ ಶಾಲೆಯಲ್ಲಿ ಕಲಿತವರು ಕನ್ನಡಿಗೆ ಮರಳಿದ್ದರು. ಅರಮನೆಯ ಉಬ್ಬುಶಿಲ್ಪದ ಕೆಲಸಕ್ಕೆ ಸಲ್ಲಬೇಕಾದ ಹಣಕ್ಕಾಗಿ ಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಇದನ್ನು ಅವರ ಆದರ್ಶಕ್ಕೆ ಅಂಟಿದ ಕಲೆ ಎಂದು ಭಾವಿಸಬೇಕಾಗಿಲ್ಲ. ಕೆಲಸಕ್ಕೆ ಕೂಲಿ ಕೇಳುವುದೂ ಒಂದು ನಿಷ್ಠೆಯೇ.

ಸಾರ್ವಜನಿಕ ಬದುಕಿನಲ್ಲಿ ಆದರ್ಶದ ಎರಡು ಧಾರೆ ಹರಿದವು. ಒಂದು ಡಿ.ವಿ. ಗುಂಡಪ್ಪನವರದು: ಗೋಖಲೆಯವರ ಹೆಸರಿನಲ್ಲಿ 1945ರಲ್ಲಿ ಕಟ್ಟಿದ ಸಂಸ್ಥೆ, ರಾಜಕೀಯವನ್ನು ಓದಿ ತಿಳಿದು ಮಾಡಬೇಕೆಂಬ ಶಿಸ್ತು. ಇನ್ನೊಂದು ಮಲೆನಾಡಿನ ಸಮಾಜವಾದಿಗಳದು. 1951ರ ಕಾಗೋಡು ಸತ್ಯಾಗ್ರಹದ ಮೂಲ ಯಾವ ಮಹಾತತ್ತ್ವವೂ ಅಲ್ಲ, ಒಂದು ಕೊಳಗ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ದೊಡ್ಡದೆಂದು ದೀವರ ಗೇಣಿದಾರರು ತಿರುಗಿಬಿದ್ದರು. ಗಣಪತಿಯಪ್ಪ ಮುಂದಾದರು, ಶಾಂತವೇರಿ ಗೋಪಾಲಗೌಡರು ಜತೆಗೂಡಿದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಗೋಪಾಲಗೌಡರು ಶಾಸಕರಾದರು, ಬಡವರಾಗಿಯೇ ಉಳಿದರು. ಆ ವೇಳೆಗೆ ಸಾಹಿತ್ಯದಲ್ಲಿ ಗಾಳಿ ತಿರುಗಿತ್ತು. ಗಾಂಧಿಯ ಕರೆಗೆ ಕಾಲೇಜು ಬಿಟ್ಟಿದ್ದ ಕಾರಂತರು ‘ಔದಾರ್ಯದ ಉರುಳಲ್ಲಿ’ ಕಾದಂಬರಿಯಲ್ಲಿ ಹೋರಾಟಗಾರರ ಹುಳುಕನ್ನು ಬಿಚ್ಚಿದರು. ‘ಕಟ್ಟುವೆವು ನಾವು’ ಎಂದಿದ್ದ ಅಡಿಗರು ಕೆಲವೇ ವರ್ಷಗಳಲ್ಲಿ ‘ಚಂಡೆಮದ್ದಳೆ’ಯ (1954) ಕಹಿಗೆ ಬಂದರು.

1972 ನನಗೆ ವಿಚಿತ್ರವಾಗಿ ಕಾಣುವ ವರ್ಷ. ಆ ವರ್ಷ ಗೋಪಾಲಗೌಡರು ತೀರಿಕೊಂಡರು, ಐವತ್ತು ತುಂಬುವ ಮೊದಲೇ. ಅದೇ ವರ್ಷ ‘ಬಂಗಾರದ ಮನುಷ್ಯ’ ತೆರೆಗೆ ಬಂತು. ಗಂಭೀರ ಸಾಹಿತ್ಯ ಮನೆಯಿಂದ ಹೊರಹಾಕಿದ ಹೂವಯ್ಯ, ರಾಜಕುಮಾರ್ ಅವರ ರಾಜೀವನಾಗಿ ಬಂಡೆ ಒಡೆದು ಹೊಲ ಮಾಡಿದ. ಜನ ವರ್ಷ ದಾಟಿದರೂ ಥಿಯೇಟರಿನ ಮುಂದೆ ಸಾಲು ಬಿಡಲಿಲ್ಲ. ಕೊನೆಗೆ ತಾನು ಸಾಕಿದವರೇ ಆಡಿದ ಮಾತಿಗೆ ಅವನು ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಆರು ವರ್ಷದ ಮೇಲೆ ಅನಂತಮೂರ್ತಿಯವರ ‘ಅವಸ್ಥೆ’ಯಲ್ಲಿ, ಗೋಪಾಲಗೌಡರ ನೆರಳಿರುವ ಕೃಷ್ಣಪ್ಪ ಗೌಡ ಲಕ್ವ ಹೊಡೆದು ಮಲಗಿರುತ್ತಾನೆ. ಒಬ್ಬ ಹೊರಟುಹೋದ, ಇನ್ನೊಬ್ಬನಿಗೆ ಏಳಲಾಗದು.

ಇಷ್ಟು ಹೊತ್ತು ಹೆಸರಿಸಿದ ನಾಯಕರೆಲ್ಲ ಗಂಡಸರು, ಹೆಚ್ಚಿನವರು ಬಿಡುವುದಕ್ಕೆ ಏನಾದರೂ ಉಳ್ಳವರು. ತ್ಯಾಗ ಮಾಡಲು ಮೊದಲು ಇರಬೇಕಲ್ಲ ಎಂಬ ಪ್ರಶ್ನೆಯನ್ನು ದಲಿತ ಸಾಹಿತ್ಯ ಎತ್ತಿದ್ದು ವಾದ ಹೂಡಿ ಅಲ್ಲ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಮನೆಯವರು ಕದ್ದು ತಂದ ಕಡಲೆಕಾಯನ್ನು ರಾತ್ರಿಯಿಡೀ ಕೂತು ತಿಂದು ಮುಗಿಸುತ್ತಾರೆ. ಪೊಲೀಸರು ಬರುತ್ತಾರೆ, ಜಾಲಾಡುತ್ತಾರೆ. ಆ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ಬರೆದ ನವಿಲುಂಟು.