ಕ್ಷಯ ಸಂಶೋಧನೆಯಲ್ಲಿ ಮೇಕೆ

ಕ್ಷಯರೋಗದ ಲಸಿಕೆಗಳ ಪರೀಕ್ಷೆಗೆ ಬಳಸುವ ಪ್ರಾಣಿಮಾದರಿಗಳಲ್ಲಿ ಮೇಕೆಯೂ ಒಂದು. ಮೈಕೊಬ್ಯಾಕ್ಟೀರಿಯಂ ಬೋವಿಸ್ ಮತ್ತು ಮೈಕೊಬ್ಯಾಕ್ಟೀರಿಯಂ ಕ್ಯಾಪ್ರೆ ಎಂಬ ಬ್ಯಾಕ್ಟೀರಿಯಾಗಳಿಂದ ಮೇಕೆಗೆ ಸಹಜವಾಗಿಯೇ ಕ್ಷಯ ತಗಲುತ್ತದೆ. ಸ್ಪೇನಿನ ಮೇಕೆಗಳಲ್ಲಿ ಮೊದಲು ಗುರುತಿಸಿದ ಕ್ಯಾಪ್ರೆಗೆ 2003ರಲ್ಲಿ ಪ್ರತ್ಯೇಕ ಪ್ರಭೇದದ ಸ್ಥಾನ ದೊರೆಯಿತು.

ಮೇಕೆಯ ಮಹತ್ವ ತಿಳಿಯುವುದು ರೋಗ ತಗಲಿದ ಶ್ವಾಸಕೋಶವನ್ನು ಕೊಯ್ದು ನೋಡಿದಾಗ. ಗಟ್ಟಿ ಗಂಟುಗಳೊಳಗೆ ಗಿಣ್ಣಿನಂತೆ ಮೆತ್ತಗಾದ, ಹಳದಿ ಮಿಶ್ರಿತ ಬಿಳಿಯ ಸತ್ತ ಅಂಗಾಂಶ ಕಾಣುತ್ತದೆ. ಅದು ನೀರಾಗಿ ಕರಗಿ ಶ್ವಾಸನಾಳದ ಕಡೆಗೆ ಒಡೆದರೆ ಅಲ್ಲಿ ಟೊಳ್ಳು ಉಳಿಯುತ್ತದೆ. ಮನುಷ್ಯರಲ್ಲಿಯೂ ಇಂಥ ಟೊಳ್ಳುಗಳಿದ್ದವರ ಕೆಮ್ಮಿನಿಂದಲೇ ಸೋಂಕು ಹೆಚ್ಚು ಹರಡುತ್ತದೆ. ಪ್ರಯೋಗಾಲಯದ ಸಾಮಾನ್ಯ ಇಲಿ ತಳಿಗಳಲ್ಲಿ ಇವು ಮೂಡುವುದಿಲ್ಲ. ಲಸಿಕೆಯನ್ನು ಇಲಿಯಲ್ಲಷ್ಟೇ ನೋಡಿ ತೀರ್ಮಾನಿಸುವವರಿಗೆ ಇದು ಸಣ್ಣ ಕೊರತೆಯಲ್ಲ.

ಬಾರ್ಸಿಲೋನಾದ ಸಂಶೋಧಕರು ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿದ ಹಾಗೂ ಹಾಕದ ಮೇಕೆಗಳ ಶ್ವಾಸನಾಳದೊಳಕ್ಕೆ ಕ್ಯಾಪ್ರೆ ಬಿಟ್ಟು, ಶ್ವಾಸಕೋಶದ ಗಾಯಗಳ ಗಾತ್ರವನ್ನು ಸಿಟಿ ಸ್ಕ್ಯಾನ್‌ನಿಂದ ಅಳೆದರು. ಲಸಿಕೆ ಪಡೆದವುಗಳಲ್ಲಿ ಗಾಯ ಕಡಿಮೆಯಿತ್ತು, ಆದರೆ ಸೋಂಕು ಪೂರ್ತಿ ತಪ್ಪಲಿಲ್ಲ.

ಇಂಥ ಪರೀಕ್ಷೆಗೆ ಬಳಸುವ ಕೋತಿಗಳಿಗಿಂತ ಮೇಕೆ ಸಾಕುವುದು ಅಗ್ಗ, ಸುಲಭ. ಆದರೂ ಗಾಳಿ ಸೋಸುವ ಬಿಗಿ ಜೈವಿಕ ಸುರಕ್ಷತೆಯ ಕೊಟ್ಟಿಗೆ ಬೇಕು. ಪ್ರಯೋಗದ ಕೊನೆಗೆ ಪ್ರಾಣಿಯನ್ನು ಕೊಂದೇ ಅಂಗಾಂಗ ಪರೀಕ್ಷಿಸುವುದರಿಂದ, ಎಷ್ಟು ಮೇಕೆ ಸಾಕೆಂಬ ಲೆಕ್ಕವನ್ನು ಮೊದಲೇ ಕಟ್ಟುನಿಟ್ಟಾಗಿ ಹಾಕಲಾಗುತ್ತದೆ.